ಆರ್‌ಎನ್‌ಎ: ಬಾಳಿಕೆ ಬಾರದ ಅಣುವಿನ ಕೆಲಸಗಳು

ಆರ್‌ಎನ್‌ಎ ಎಂದರೆ ರೈಬೋನ್ಯೂಕ್ಲಿಯಿಕ್ ಆಮ್ಲ. ಬ್ಯಾಕ್ಟೀರಿಯಾದಿಂದ ಹಿಡಿದು ಭತ್ತ, ಎಮ್ಮೆ, ಮನುಷ್ಯರವರೆಗೆ ಎಲ್ಲ ಜೀವಿಗಳ ಕೋಶಗಳಲ್ಲೂ ಇರುವ, ನಾಲ್ಕು ಬಗೆಯ ಮಣಿಗಳನ್ನು ಸಾಲಾಗಿ ಪೋಣಿಸಿದ ಸರದಂಥ ಅಣು. ಡಿಎನ್‌ಎಯಲ್ಲಿರುವ ಬರಹದ ನಕಲಾಗುವುದು, ಆ ಬರಹದಂತೆ ಪ್ರೋಟೀನ್ ಕಟ್ಟುವುದು, ಯಾವ ಜೀನ್ ಎಷ್ಟು ಕೆಲಸ ಮಾಡಬೇಕೆಂದು ಹದ್ದುಬಸ್ತಿನಲ್ಲಿಡುವುದು, ಕೆಲವು ರಾಸಾಯನಿಕ ಕ್ರಿಯೆಗಳನ್ನು ಕಿಣ್ವದ ಹಾಗೆ ತಾನೇ ನಡೆಸುವುದು, ಅನೇಕ ವೈರಸ್‌ಗಳಲ್ಲಿ ಡಿಎನ್‌ಎಯ ಬದಲಿಗೆ ತಾನೇ ವಂಶದ ದಾಖಲೆಯಾಗಿರುವುದು ಇದರ ಮುಖ್ಯ ಕೆಲಸಗಳು. ಶಾಲೆಯಲ್ಲಿ ಇದನ್ನು ‘ದೂತ’ ಎಂದು ಹೇಳಿಕೊಟ್ಟು ಮುಗಿಸುವುದು ರೂಢಿ. ಕೋಶದಲ್ಲಿರುವ ಆರ್‌ಎನ್‌ಎಯಲ್ಲಿ ದೂತನ ಪಾಲು ನೂರಕ್ಕೆ ನಾಲ್ಕೈದು ಮಾತ್ರ.

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಬಾತಿ ಸಿಗುತ್ತದೆ. ಕೆರೆಯ ಆಚೀಚೆ ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳ ಸೀಮೆ. ಲಕ್ಕವಳ್ಳಿಯ ಅಣೆಕಟ್ಟೆಯಿಂದ ಬಿಟ್ಟ ನೀರು ಅಚ್ಚುಕಟ್ಟಿನ ಈ ಕೊನೆಯ ಭಾಗ ಮುಟ್ಟುವುದು ತಡ. ನೀರಿನ ಸುದ್ದಿ ಖಚಿತವಾದ ಮೇಲೆ ಬಿತ್ತನೆ ಭತ್ತ ನೆನೆ ಹಾಕುತ್ತಾರೆ. ಉಪ್ಪು ನೀರಿಗೆ ಸುರಿದು, ತೇಲಿದ ಜೊಳ್ಳು ತೆಗೆದು, ಮುಳುಗಿದ ಗಟ್ಟಿ ಕಾಳನ್ನು ತೊಳೆದು, ಒಂದು ಹಗಲು ಒಂದು ರಾತ್ರಿ ನೆನೆಸಿ, ಗೋಣಿಚೀಲದಲ್ಲಿ ಕಟ್ಟಿ, ಮೇಲೆ ಹುಲ್ಲು ಹೊದಿಸಿ ಬೆಚ್ಚಗಿಡುತ್ತಾರೆ. ಮರುದಿನವೋ ಅದರ ಮಾರನೆಯ ದಿನವೋ ಚೀಲದೊಳಗೆ ಕೈಯಿಟ್ಟರೆ ಬಿಸಿ ತಾಗುತ್ತದೆ. ಕಾಳಿನ ಮೂತಿಯಲ್ಲಿ ಬಿಳಿ ಮೊಳಕೆ ಇಣುಕಿರುತ್ತದೆ. ಆಗ ಅದು ಸಸಿಮಡಿಗೆ ಹೋಗಲು ತಯಾರು. ಆರ್‌ಎನ್‌ಎ ಮಾಡುವ ಬಹುತೇಕ ಕೆಲಸಗಳು ಆ ಚೀಲದೊಳಗೆ ಆಗಲೇ ನಡೆದುಹೋಗಿರುತ್ತವೆ. ಹಾಗಾಗಿ ಇಲ್ಲಿನ ಉದಾಹರಣೆಗಳನ್ನು ಆದಷ್ಟೂ ಭತ್ತದಿಂದಲೇ ಆರಿಸಿಕೊಂಡಿದೆ.

ರಚನೆ

ಸರದ ಒಂದೊಂದು ಮಣಿಗೂ ನ್ಯೂಕ್ಲಿಯೋಟೈಡ್ ಎಂದು ಹೆಸರು. ಅದರಲ್ಲಿ ಐದು ಇಂಗಾಲದ ರೈಬೋಸ್ ಸಕ್ಕರೆ, ಒಂದು ಫಾಸ್ಫೇಟ್, ಒಂದು ಸಾರಜನಕಯುಕ್ತ ಪ್ರತ್ಯಾಮ್ಲ ಸೇರಿರುತ್ತವೆ. ಸಕ್ಕರೆ ಮತ್ತು ಫಾಸ್ಫೇಟ್ ಒಂದರ ಕೈ ಒಂದು ಹಿಡಿದು ಬೆನ್ನೆಲುಬಾಗುತ್ತವೆ, ಪ್ರತ್ಯಾಮ್ಲಗಳು ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಪ್ರತ್ಯಾಮ್ಲಗಳು ನಾಲ್ಕು: ಅಡೆನಿನ್, ಗ್ವಾನಿನ್, ಸೈಟೊಸಿನ್, ಯುರಾಸಿಲ್. ಬರಹದಲ್ಲಿ ಇವನ್ನು ಎ, ಜಿ, ಸಿ, ಯು ಎಂಬ ನಾಲ್ಕು ಅಕ್ಷರಗಳಾಗಿ ಹಿಡಿಯುತ್ತಾರೆ. ಸರಕ್ಕೆ ದಿಕ್ಕೂ ಉಂಟು. ಕಟ್ಟುವುದೂ ಓದುವುದೂ ಐದನೆಯ ಇಂಗಾಲದ ತುದಿಯಿಂದ ಮೂರನೆಯ ಇಂಗಾಲದ ತುದಿಯ ಕಡೆಗೇ.

ಡಿಎನ್‌ಎಗೂ ಇದಕ್ಕೂ ಇರುವ ಮೂಲ ವ್ಯತ್ಯಾಸ ಒಂದು ಆಮ್ಲಜನಕ ಪರಮಾಣು. ಯೀಸ್ಟ್‌ನಿಂದ ತೆಗೆದ ನ್ಯೂಕ್ಲಿಯಿಕ್ ಆಮ್ಲದಲ್ಲಿರುವ ಸಕ್ಕರೆ ರೈಬೋಸ್ ಎಂದು ಫೀಬಸ್ ಲೆವಿನ್ 1909ರಲ್ಲಿ ಗುರುತಿಸಿದರು. ರೈಬೋಸಿನ ಎರಡನೆಯ ಇಂಗಾಲಕ್ಕೆ ಆಮ್ಲಜನಕವೂ ಹೈಡ್ರೋಜನ್ನೂ ಕೂಡಿದ ಒಂದು ಜೋಡಿ ಅಂಟಿಕೊಂಡಿದೆ. ಡಿಎನ್‌ಎಯಲ್ಲಿ ಆ ಜಾಗದಲ್ಲಿರುವುದು ಬರೀ ಹೈಡ್ರೋಜನ್. ‘ಡಿಆಕ್ಸಿ’ ಎಂಬ ಪೂರ್ವಪ್ರತ್ಯಯ ಆ ಕೊರತೆಯ ಗುರುತು. ಹೆಚ್ಚಿಗೆ ಬಂದ ಈ ಆಮ್ಲಜನಕ ಸುಮ್ಮನಿರುವುದಿಲ್ಲ. ಪಕ್ಕದ ಫಾಸ್ಫೇಟ್ ಕೊಂಡಿಯ ಮೇಲೆ ಬಿದ್ದು ತನ್ನ ಸರವನ್ನು ತಾನೇ ತುಂಡರಿಸುತ್ತದೆ. ಸ್ವಲ್ಪ ಕ್ಷಾರ ಸಿಕ್ಕರೆ ಸಾಕು, ಡಿಎನ್‌ಎ ತಡೆದುಕೊಂಡಿರುವಾಗ ಆರ್‌ಎನ್‌ಎ ಪುಡಿಪುಡಿಯಾಗುತ್ತದೆ. ದಾಖಲೆ ಇಡುವುದಕ್ಕೆ ಇಂಥ ಅಣು ನಾಲಾಯಕ್ಕು. ಆದರೆ ಅದೇ ಆಮ್ಲಜನಕ ಸುತ್ತಲಿನ ಅಣುಗಳೊಡನೆ ಬಂಧ ಕಟ್ಟಿಕೊಳ್ಳಬಲ್ಲದು, ರಾಸಾಯನಿಕ ಕ್ರಿಯೆಯಲ್ಲಿ ಪಾಲುಗೊಳ್ಳಬಲ್ಲದು. ಬೇಗ ಕೆಡುವ ಗುಣವೂ ಕೆಲಸ ಮಾಡುವ ಗುಣವೂ ಒಂದೇ ಕಡೆಯಿಂದ ಬಂದವು. ಆರ್‌ಎನ್‌ಎಯ ಕಥೆಯೆಲ್ಲ ಈ ಒಂದು ಪರಮಾಣುವಿನಿಂದ ಹೊರಟದ್ದು ಎಂದರೂ ಉತ್ಪ್ರೇಕ್ಷೆಯಾಗದು.

ಎರಡನೆಯ ವ್ಯತ್ಯಾಸವೂ ಇದರ ಜೊತೆಗೇ ಬರುತ್ತದೆ. ಡಿಎನ್‌ಎಯಲ್ಲಿ ಥೈಮಿನ್ ಇರುವ ಕಡೆ ಇಲ್ಲಿ ಯುರಾಸಿಲ್. ಸೈಟೊಸಿನ್ ಆಗಾಗ ತನ್ನಷ್ಟಕ್ಕೆ ತಾನೇ ಕೆಟ್ಟು ಯುರಾಸಿಲ್ ಆಗುತ್ತದೆ. ಡಿಎನ್‌ಎಯಲ್ಲಿ ಯುರಾಸಿಲ್ ಕಂಡರೆ ಅದು ತಪ್ಪು ಎಂದು ಕೋಶಕ್ಕೆ ಗೊತ್ತು, ರಿಪೇರಿ ಕಿಣ್ವಗಳು ಕಿತ್ತು ಸರಿಮಾಡುತ್ತವೆ. ಅಲ್ಲೂ ಯುರಾಸಿಲ್ಲೇ ಅಸಲು ಅಕ್ಷರವಾಗಿದ್ದರೆ ತಪ್ಪು ಯಾವುದು, ಒಪ್ಪು ಯಾವುದು ತಿಳಿಯುತ್ತಿರಲಿಲ್ಲ. ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ದಿನ ಬದುಕುವ ಆರ್‌ಎನ್‌ಎಗೆ ಆ ಕಾಳಜಿ ಬೇಕಿಲ್ಲ.

ಆರ್‌ಎನ್‌ಎ ಸಾಮಾನ್ಯವಾಗಿ ಒಂಟಿ ಎಳೆ. ಒಂಟಿ ಎಳೆ ಎಂದ ಕೂಡಲೇ ನೆಟ್ಟಗೆ ಎಳೆದು ಕಟ್ಟಿದ ದಾರವನ್ನು ಕಲ್ಪಿಸಿಕೊಳ್ಳಬಾರದು. ಒಂದು ಚೀಟಿಯ ಮೇಲೆ ಸಾಲಾಗಿ ಹೀಗೆ ಬರೆಯಿರಿ: ಜಿ ಜಿ ಸಿ ಎ ಸಿ ಯು ಯು ಸಿ ಜಿ ಜಿ ಯು ಜಿ ಸಿ ಸಿ. ಒಟ್ಟು 14 ಅಕ್ಷರ. ಜಿಗೆ ಸಿ ಜೋಡಿ, ಎಗೆ ಯು ಜೋಡಿ ಎಂಬ ನಿಯಮ ಇಟ್ಟುಕೊಂಡು ಚೀಟಿಯನ್ನು ನಡುವೆ ಬಗ್ಗಿಸಿದರೆ ಮೊದಲ ಐದು ಅಕ್ಷರ ಕೊನೆಯ ಐದರ ಮೇಲೆ ಸರಿಯಾಗಿ ಕೂರುತ್ತವೆ. ನಡುವಿನ ನಾಲ್ಕು ಕುಣಿಕೆಯಾಗಿ ಉಳಿಯುತ್ತವೆ. ಮುಡಿಗೆ ಸಿಕ್ಕಿಸುವ ಹೇರ್‌ಪಿನ್ನಿನ ಆಕಾರ. ಆರ್‌ಎನ್‌ಎಯ ಮಡಿಕೆಗಳಲ್ಲಿ ಇದು ಮೊದಲನೆಯದು. ಯು ಯು ಸಿ ಜಿ ಎಂಬ ಈ ಕುಣಿಕೆಯಂತೂ ಗಟ್ಟಿತನಕ್ಕೆ ಹೆಸರುವಾಸಿ. ಜಿಯೊಡನೆ ಯು ಕೂಡ ಒಮ್ಮೊಮ್ಮೆ ಹೊಂದಿಕೊಳ್ಳುತ್ತದೆ. ಹೇರ್‌ಪಿನ್‌ಗಳು ಒಂದರ ಪಕ್ಕ ಒಂದು ನಿಂತು, ಒಂದರ ಕುಣಿಕೆ ಇನ್ನೊಂದರ ಎಳೆಗೆ ತೊಡರಿ, ಕೊನೆಗೆ ಪ್ರೋಟೀನಿನಷ್ಟೇ ಜಟಿಲವಾದ ಆಕಾರ ಬರುತ್ತದೆ. ಅಕ್ಷರಗಳ ಸಾಲು ಆಕಾರವನ್ನು ನಿರ್ಧರಿಸುತ್ತದೆ, ಆಕಾರ ಕೆಲಸವನ್ನು ನಿರ್ಧರಿಸುತ್ತದೆ. ಸರ ಕಟ್ಟಿದ ಮೇಲೂ ಕೋಶ ಅದರ ಅಕ್ಷರಗಳನ್ನು ಅಲ್ಲಲ್ಲಿ ತಿದ್ದುವುದುಂಟು. ಇಂಥ ಮಾರ್ಪಾಡುಗಳು 150ಕ್ಕೂ ಹೆಚ್ಚು ಬಗೆಯಲ್ಲಿ ಗೊತ್ತಾಗಿವೆ.

ಪ್ರಯೋಗಾಲಯದಲ್ಲಿ ಆರ್‌ಎನ್‌ಎಯೊಡನೆ ಏಗಿದವರಿಗೆ ಅದರ ನಾಜೂಕು ಗೊತ್ತು. ಅದನ್ನು ಕತ್ತರಿಸುವ ರೈಬೋನ್ಯೂಕ್ಲಿಯೇಸ್ ಕಿಣ್ವಗಳು ನಮ್ಮ ಬೆವರಿನಲ್ಲಿ, ಬೆರಳ ತುದಿಯಲ್ಲಿ, ಮೇಜಿನ ಧೂಳಿನಲ್ಲಿ ಇರುತ್ತವೆ. ಕುದಿಸಿದರೂ ಅವು ಪೂರ್ತಿ ಸಾಯುವುದಿಲ್ಲ. ತಣ್ಣಗಾದ ಮೇಲೆ ಮತ್ತೆ ಕೆಲಸಕ್ಕಿಳಿಯುತ್ತವೆ. ಕೈಗವಸು ಹಾಕಿ, ಬೇರೆಯೇ ನೀರು ಬಳಸಿ, ಮಾದರಿಯನ್ನು ಮಂಜುಗಡ್ಡೆಯ ಮೇಲಿಟ್ಟು, ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಕಾಪಾಡಬೇಕು. ಅರ್ಧ ದಿನದ ದುಡಿಮೆ ಒಂದು ಬರಿಗೈ ಸ್ಪರ್ಶಕ್ಕೆ ಹಾಳಾಗಿರುತ್ತದೆ.

ನಕಲು ಮತ್ತು ಕತ್ತರಿ

ಡಿಎನ್‌ಎ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ಮೂಲ ಕಡತವಿದ್ದಂತೆ, ಹೊರಗೆ ಬರುವಂತಿಲ್ಲ. ಬೇಕಾದ ಪುಟದ ನಕಲು ತೆಗೆದು ಕೊಡುತ್ತಾರೆ. ಭತ್ತದ ಕೋಶದಲ್ಲಿ ಈ ಕಡತ 12 ಜೊತೆ ವರ್ಣತಂತುಗಳಲ್ಲಿದೆ. ಒಂದು ಪ್ರತಿಯಲ್ಲಿ ಸುಮಾರು 39 ಕೋಟಿ ಅಕ್ಷರ. ಭಾರತವೂ ಪಾಲುಗೊಂಡ ಅಂತರರಾಷ್ಟ್ರೀಯ ಯೋಜನೆ ಇದನ್ನು ಓದಿ 2005ರಲ್ಲಿ ಪ್ರಕಟಿಸಿತು. ನಕಲು ತೆಗೆಯುವ ಗುಮಾಸ್ತ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ. ಬ್ಯಾಕ್ಟೀರಿಯಾಕ್ಕೆ ಇಂಥದ್ದು ಒಂದೇ. ಪ್ರಾಣಿಗಳಿಗೆ ಕೋಶಕೇಂದ್ರದಲ್ಲಿ ಮೂರು. ಸಸ್ಯಗಳಿಗೆ ಇನ್ನೂ ಎರಡು ಹೆಚ್ಚು, ಸಣ್ಣ ಆರ್‌ಎನ್‌ಎಗಳ ವ್ಯವಹಾರಕ್ಕೆಂದೇ ಮೀಸಲು.

ಪ್ರೋಟೀನಿನ ಒಕ್ಕಣೆ ಹೊತ್ತ ನಕಲೇ ಎಂ-ಆರ್‌ಎನ್‌ಎ, ಅಂದರೆ ದೂತ. 1961ರಲ್ಲಿ ಬ್ರೆನ್ನರ್, ಜೇಕಬ್, ಮೆಸೆಲ್ಸನ್ ಇದರ ಇರವನ್ನು ತೋರಿಸಿಕೊಟ್ಟರು. ಅಲ್ಲಿಯವರೆಗೆ ಅದು ಕಣ್ಣಿಗೆ ಬೀಳದಿರಲು ಕಾರಣ ಅದರ ಅಲ್ಪಾಯುಷ್ಯ. ಬ್ಯಾಕ್ಟೀರಿಯಾದಲ್ಲಿ ಒಂದು ದೂತ ಕೆಲವೇ ನಿಮಿಷ ಬದುಕುತ್ತದೆ. ಇದು ದೋಷವಲ್ಲ. ಹಳೆಯ ನಕಲು ಚಲಾವಣೆಯಲ್ಲಿದ್ದರೆ ಹೊಸ ಆದೇಶ ಜಾರಿಗೆ ಬರುವುದು ಹೇಗೆ? ನಮ್ಮಂಥ ಜೀವಿಗಳ ದೂತಕ್ಕೆ ಆಯುಸ್ಸು ಸ್ವಲ್ಪ ಜಾಸ್ತಿ. ಮುಂದಿನ ತುದಿಗೆ ಮೀಥೈಲ್ ಸೇರಿದ ಗ್ವಾನಿನ್ನಿನ ಟೋಪಿ, ಹಿಂದಿನ ತುದಿಗೆ ಎ ಅಕ್ಷರಗಳ ಉದ್ದ ಬಾಲ ಕಟ್ಟಿ ಕಳಿಸುತ್ತಾರೆ. ಬಾಲ ಸವೆಯುತ್ತ ಬಂದ ಹಾಗೆ ಆಯುಸ್ಸು ಮುಗಿಯುತ್ತದೆ.

ಬಿತ್ತನೆ ಭತ್ತ ಇದಕ್ಕೊಂದು ಅಪವಾದ. ಒಣಗಿದ ಕಾಳಿನ ಭ್ರೂಣದಲ್ಲಿ ಸಾವಿರಾರು ಬಗೆಯ ದೂತಗಳು ತಿಂಗಳುಗಟ್ಟಲೆ ಕೆಡದೆ ಕೂತಿರುತ್ತವೆ. ತಾಯಿಗಿಡದ ಮೇಲೆ ಕಾಳು ಬಲಿಯುವಾಗಲೇ ಬರೆದಿಟ್ಟವು ಅವು. ನೀರು ಹೊಕ್ಕ ಕೂಡಲೇ ಕೋಶ ಹೊಸ ನಕಲಿಗೆ ಕಾಯದೆ ಇವುಗಳಿಂದ ಕೆಲಸ ಶುರು ಮಾಡುತ್ತದೆ. ಹೊಸ ನಕಲು ತೆಗೆಯುವುದನ್ನು ತಡೆಯುವ ರಾಸಾಯನಿಕದಲ್ಲಿ ನೆನೆಸಿದರೂ ಮೊಳಕೆಯ ಮೊದಲ ಹಂತ ನಡೆಯುತ್ತದೆ. ಪ್ರೋಟೀನ್ ಕಟ್ಟುವುದನ್ನು ತಡೆದರೆ ಮಾತ್ರ ಕಾಳು ಅಲ್ಲಾಡುವುದಿಲ್ಲ. ಹಳೆಯ ಬೀಜದ ಮೊಳಕೆ ಪ್ರಮಾಣ ಕುಸಿಯುವುದನ್ನು ರೈತರೆಲ್ಲ ಬಲ್ಲರು. ಸೋಯಾಬೀನ್ ಬೀಜಗಳಲ್ಲಿ ಪರೀಕ್ಷಿಸಿದಾಗ ವಯಸ್ಸಾದಂತೆ ಒಳಗಿನ ಆರ್‌ಎನ್‌ಎ ತುಂಡು ತುಂಡಾಗುತ್ತ ಹೋದದ್ದು ಕಂಡಿದೆ. ನೀರಿಲ್ಲದೆ ಅದು ಉಳಿದಿತ್ತು, ಉಳಿಯಲು ಮಿತಿಯೂ ಇತ್ತು.

ಎರಡನೆಯ ಹಂತಕ್ಕೆ ಹೊಸ ನಕಲು ಬೇಕು. ಭ್ರೂಣ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಅದು ಕಾಳಿನ ತೌಡಿನ ಪದರ ಮುಟ್ಟಿದಾಗ ಅಲ್ಲಿನ ಕೋಶಗಳು ಅಮೈಲೇಸ್ ಕಿಣ್ವದ ದೂತಗಳನ್ನು ಭರದಿಂದ ತಯಾರಿಸುತ್ತವೆ. ಅಮೈಲೇಸ್ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಮೊಳಕೆ ಉಣ್ಣುವುದು ಅದನ್ನೇ. ಮೊಳಕೆ ಬಂದ ರಾಗಿಯ ಹಿಟ್ಟಿನ ಗಂಜಿ ತೆಳ್ಳಗೂ ಸ್ವಲ್ಪ ಸಿಹಿಯಾಗಿಯೂ ಇರುವುದರ ಹಿಂದಿರುವುದು ಇದೇ ಕಿಣ್ವ.

ನಕಲು ತೆಗೆದದ್ದನ್ನು ಹಾಗೇ ಬಳಸಲು ಬರುವುದಿಲ್ಲ. ಸಸ್ಯ, ಪ್ರಾಣಿಗಳ ಜೀನಿನೊಳಗೆ ಅರ್ಥದ ಸಾಲುಗಳ ನಡುನಡುವೆ ಇಂಟ್ರಾನ್ ಎಂಬ ಬೇಡದ ತುಣುಕುಗಳಿವೆ. ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು 1977ರಲ್ಲಿ ಇದನ್ನು ಕಂಡುಕೊಂಡವು. ಇಬ್ಬರಿಗೂ 1993ರಲ್ಲಿ ನೊಬೆಲ್ ಬಂತು. ಇಂಟ್ರಾನ್ ಕತ್ತರಿಸಿ ಉಳಿದದ್ದನ್ನು ಜೋಡಿಸುವ ಯಂತ್ರದ ತಿರುಳೂ ಆರ್‌ಎನ್‌ಎಯೇ: ಯು1, ಯು2, ಯು4, ಯು5, ಯು6 ಎಂಬ ಐದು ಪುಟ್ಟ ಆರ್‌ಎನ್‌ಎಗಳು ಪ್ರೋಟೀನುಗಳೊಡನೆ ಕೂಡಿ ಆ ಕೆಲಸ ಮಾಡುತ್ತವೆ.

ಈ ಕತ್ತರಿ ಕೆಲಸದ ಫಲ ನಮ್ಮ ತಟ್ಟೆಯಲ್ಲಿದೆ. ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಹೆಚ್ಚಿದ್ದರೆ ಅನ್ನ ಉದುರುದುರು, ಕಡಿಮೆಯಿದ್ದರೆ ಅಂಟಂಟು. ಅದನ್ನು ಮಾಡುವ ಕಿಣ್ವದ ಜೀನಿಗೆ ‘ವ್ಯಾಕ್ಸಿ’ ಎಂದು ಹೆಸರು. ನಮ್ಮ ಇಂಡಿಕಾ ಗುಂಪಿನ ಬಹುಪಾಲು ತಳಿಗಳಲ್ಲಿ ಅದರ ಮೊದಲ ಇಂಟ್ರಾನಿನ ಮೊದಲ ಅಕ್ಷರ ಜಿ. ಕತ್ತರಿಗೆ ಗುರುತು ಸ್ಪಷ್ಟ. ದೂತ ಸರಿಯಾಗಿ ತಯಾರಾಗುತ್ತದೆ, ಅಮೈಲೋಸ್ ತುಂಬುತ್ತದೆ, ಅನ್ನ ಬಿಡಿಬಿಡಿಯಾಗುತ್ತದೆ. ಜಪಾನಿನ ಕಡೆಯ ಜಪೋನಿಕಾ ತಳಿಗಳಲ್ಲಿ ಅದೇ ಜಾಗಕ್ಕೆ ಡಿಎನ್‌ಎಯಲ್ಲಿ ಟಿ ಬಂದು ಕೂತಿದೆ. ಕತ್ತರಿ ತಡವರಿಸುತ್ತದೆ, ಪಕ್ವವಾದ ದೂತ ಕಡಿಮೆಯಾಗುತ್ತದೆ, ಅನ್ನ ಕಡ್ಡಿಯಲ್ಲಿ ಎತ್ತುವಷ್ಟು ಅಂಟಾಗುತ್ತದೆ. ಚಿತ್ರಾನ್ನ ಕಲಸಲು ಆ ಅಕ್ಕಿ ಒಗ್ಗದಿರುವುದಕ್ಕೆ ಕಾರಣ 39 ಕೋಟಿಯಲ್ಲಿ ಒಂದು ಅಕ್ಷರ.

ತರ್ಜುಮೆ

ನಾಲ್ಕು ಅಕ್ಷರಗಳ ಬರಹವನ್ನು 20 ಅಮೈನೋ ಆಮ್ಲಗಳ ಭಾಷೆಗೆ ತಿರುಗಿಸಬೇಕು. ಮೂರು ಮೂರು ಅಕ್ಷರಗಳ ಗುಂಪು ಒಂದು ಪದ. ಒಟ್ಟು 64 ಪದ. 61 ಅಮೈನೋ ಆಮ್ಲಗಳಿಗೆ, ಮೂರು ‘ಇಲ್ಲಿಗೆ ಮುಗಿಯಿತು’ ಎನ್ನುವುದಕ್ಕೆ. ಬರೀ ಯು ಅಕ್ಷರಗಳ ಆರ್‌ಎನ್‌ಎ ಕೊಟ್ಟರೆ ಬರೀ ಫೀನೈಲಲನಿನ್ ಸರ ಬರುತ್ತದೆಂದು ನಿರೆನ್‌ಬರ್ಗ್ ಮತ್ತು ಮಟ್ಟೈ 1961ರಲ್ಲಿ ತೋರಿಸಿ ಬೀಗ ಒಡೆದರು. ಅವಿಭಜಿತ ಪಂಜಾಬಿನ ರಾಯ್‌ಪುರದಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ತಮಗೆ ಬೇಕಾದ ಅಕ್ಷರಸಾಲುಗಳನ್ನು ರಾಸಾಯನಿಕವಾಗಿ ಕಟ್ಟಿ ಉಳಿದ ಪದಗಳನ್ನು ಬಿಡಿಸಲು ನೆರವಾದರು.

ಪದ ಓದಿ ಅದಕ್ಕೆ ತಕ್ಕ ಅಮೈನೋ ಆಮ್ಲ ತಂದುಕೊಡುವ ದುಭಾಷಿ ಟಿ-ಆರ್‌ಎನ್‌ಎ. ಇಂಥದ್ದೊಂದು ಇರಲೇಬೇಕೆಂದು ಫ್ರಾನ್ಸಿಸ್ ಕ್ರಿಕ್ 1955ರಲ್ಲಿ ಊಹಿಸಿದ್ದರು. ಕೆಲವೇ ವರ್ಷಗಳಲ್ಲಿ ಝಮೆಕ್ನಿಕ್ ಮತ್ತು ಹೋಗ್ಲಂಡ್ ಅದನ್ನು ಕಂಡರು. ರಾಬರ್ಟ್ ಹಾಲಿ ಯೀಸ್ಟ್‌ನ ಅಲನಿನ್ ಟಿ-ಆರ್‌ಎನ್‌ಎಯ 77 ಅಕ್ಷರಗಳನ್ನು ಪೂರ್ತಿ ಓದಿ ಮುಗಿಸಿದ್ದು 1965ರಲ್ಲಿ. ಅದಕ್ಕೆ ಬೇಕಾದ ಒಂದು ಗ್ರಾಂ ಶುದ್ಧ ಮಾದರಿಗೆ 140 ಕಿಲೋ ಬೇಕರಿ ಯೀಸ್ಟ್ ಅರೆದಿದ್ದರು. ನಿರೆನ್‌ಬರ್ಗ್, ಖೊರಾನಾ, ಹಾಲಿ ಮೂವರೂ 1968ರ ನೊಬೆಲ್ ಹಂಚಿಕೊಂಡರು. ಕಾಗದದ ಮೇಲೆ ಟಿ-ಆರ್‌ಎನ್‌ಎ ಮೂರೆಲೆಯ ಬಿಲ್ವಪತ್ರೆಯಂತೆ ಕಾಣುತ್ತದೆ. ನಿಜದಲ್ಲಿ ಮಡಚಿ ಬಾಗಿದ ಮೊಳಕೈಯಂತಿದೆ. ಒಂದು ತುದಿಯಲ್ಲಿ ದೂತದ ಪದಕ್ಕೆ ಹೊಂದುವ ಮೂರಕ್ಷರ, ಇನ್ನೊಂದು ತುದಿಯಲ್ಲಿ ಅಮೈನೋ ಆಮ್ಲ. ಪ್ರೋಟೀನಿನ ಮೊದಲ ಅಮೈನೋ ಆಮ್ಲವನ್ನು ತರುವುದಕ್ಕೆ ಬೇರೆಯೇ ಒಂದು ಟಿ-ಆರ್‌ಎನ್‌ಎ ಇದೆ. ಅದನ್ನು ಉಳಿದವುಗಳಿಂದ ರೈಬೋಸೋಮ್ ಹೇಗೆ ಗುರುತು ಹಿಡಿಯುತ್ತದೆ ಎಂಬುದರ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವರ್ಷ್ಣೇಯ ಅವರ ತಂಡ ದಶಕಗಳ ಕಾಲ ಕೆಲಸ ಮಾಡಿದೆ.

ರೈಬೋಸೋಮ್ ಈ ತರ್ಜುಮೆ ನಡೆಯುವ ಜಾಗ. ಕೋಶದ ಆರ್‌ಎನ್‌ಎಯಲ್ಲಿ ನೂರಕ್ಕೆ 80ರಷ್ಟು ಇಲ್ಲಿರುವ ಆರ್-ಆರ್‌ಎನ್‌ಎಯದೇ. ಇಲ್ಲಿಗೆ ಬಂದಾಗ ರೆಕಾರ್ಡ್ ರೂಮಿನ ಹೋಲಿಕೆ ಕೈಕೊಡುತ್ತದೆ. ರೈಬೋಸೋಮಿನ ಆರ್‌ಎನ್‌ಎ ಯಾವುದರ ನಕಲು ಪತ್ರವೂ ಅಲ್ಲ, ಅದೇ ಯಂತ್ರ. ಬಹುಕಾಲ ವಿಜ್ಞಾನಿಗಳು ಅದನ್ನು ಪ್ರೋಟೀನುಗಳನ್ನು ತೂಗುಹಾಕುವ ಗೂಟ ಎಂದೇ ತಿಳಿದಿದ್ದರು. 2000ದ ಸುಮಾರಿಗೆ ರೈಬೋಸೋಮಿನ ಎರಡೂ ತುಂಡುಗಳ ಪರಮಾಣು ಮಟ್ಟದ ಚಿತ್ರ ಸಿಕ್ಕಿತು. ಅಮೈನೋ ಆಮ್ಲಗಳನ್ನು ಬೆಸೆಯುವ ನಡುಜಾಗದಲ್ಲಿ ಪ್ರೋಟೀನಿನ ಸುಳಿವೇ ಇಲ್ಲ, ಸುತ್ತ ಆರ್‌ಎನ್‌ಎ! ಬೆಸುಗೆ ಹಾಕುತ್ತಿದ್ದದ್ದು ಅದೇ. ಈ ಕೆಲಸಕ್ಕೆ ಥಾಮಸ್ ಸ್ಟೈಟ್ಜ್, ಅಡಾ ಯೋನತ್ ಮತ್ತು ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ 2009ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ನಾವು ತಿನ್ನುವ ಬೇಳೆಯ ಪ್ರೋಟೀನಾಗಲಿ, ಮೈಯ ಸ್ನಾಯುವಾಗಲಿ, ಬೆಸೆದ ಕೈ ಆರ್‌ಎನ್‌ಎಯದು ಎಂಬುದು ಜೀವಶಾಸ್ತ್ರದ ದೊಡ್ಡ ಅಚ್ಚರಿಗಳಲ್ಲೊಂದು.

ಬ್ಯಾಕ್ಟೀರಿಯಾದ ರೈಬೋಸೋಮಿಗೂ ನಮ್ಮದಕ್ಕೂ ಅಳತೆಯಲ್ಲಿ, ವಿವರದಲ್ಲಿ ಅಂತರವಿದೆ. ಎಷ್ಟೋ ಆಂಟಿಬಯಾಟಿಕ್‌ಗಳು ದುಡಿಯುವುದು ಆ ಸಂದಿಯಲ್ಲೇ. ದುಂಡಾಣು ಅಂಗಮಾರಿ ಬಿದ್ದ ಭತ್ತಕ್ಕೆ ಸಿಂಪಡಿಸುತ್ತಿದ್ದ ಸ್ಟ್ರೆಪ್ಟೊಸೈಕ್ಲಿನ್ ಪುಡಿಯಲ್ಲಿರುವ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಎರಡೂ ಬ್ಯಾಕ್ಟೀರಿಯಾದ ರೈಬೋಸೋಮಿನ ಸಣ್ಣ ತುಂಡಿನ ಆರ್‌ಎನ್‌ಎಗೆ ಅಂಟಿ ತರ್ಜುಮೆ ಕೆಡಿಸುತ್ತವೆ. ಕ್ಷಯರೋಗಕ್ಕೆ ಬಂದ ಮೊದಲ ಮದ್ದೂ ಇದೇ ಸ್ಟ್ರೆಪ್ಟೊಮೈಸಿನ್. ಗದ್ದೆಯಲ್ಲಿ ಅದನ್ನು ಬೇಕಾಬಿಟ್ಟಿ ಚೆಲ್ಲಿದರೆ ಆಸ್ಪತ್ರೆಯಲ್ಲಿ ಅದು ಮೊಂಡಾಗುತ್ತದೆ ಎಂಬ ಆತಂಕ ಹಗುರವಾದುದಲ್ಲ. ಆ ಸಣ್ಣ ತುಂಡಿನಲ್ಲಿರುವ ಸುಮಾರು 1,540 ಅಕ್ಷರಗಳ ಆರ್‌ಎನ್‌ಎ ಇನ್ನೊಂದು ಉಪಕಾರ ಮಾಡಿದೆ. ಅದನ್ನು ಜೀವಿಯಿಂದ ಜೀವಿಗೆ ಹೋಲಿಸುತ್ತ ಕಾರ್ಲ್ ವೋಸ್ 1977ರಲ್ಲಿ ಆರ್ಕಿಯಾ ಎಂಬ ಜೀವಿಗಳ ಗುಂಪನ್ನೇ ಗುರುತಿಸಿದರು. ಈಗ ಬೆಣ್ಣೆದೋಸೆಯ ಹಿಟ್ಟನ್ನು ಹುಳಿ ಬರಿಸಿದ ಬ್ಯಾಕ್ಟೀರಿಯಾ ಯಾವುದೆಂದು ಕೇಳಿದರೂ ಪ್ರಯೋಗಾಲಯದವರು ಮೊದಲು ಓದುವುದು ಆ ಆರ್‌ಎನ್‌ಎಯ ಜೀನನ್ನು.

ಕಿವಿ ಹಿಂಡುವ ಸಣ್ಣವು

1990ರಲ್ಲಿ ಪೆಟೂನಿಯಾ ಹೂವಿನ ನೇರಳೆ ಬಣ್ಣ ಗಾಢವಾಗಲೆಂದು ಆ ಬಣ್ಣದ ಜೀನಿನ ಇನ್ನೊಂದು ಪ್ರತಿ ಸೇರಿಸಿದರು. ಕೆಲವು ಗಿಡಗಳಲ್ಲಿ ಹೂವು ಬೆಳ್ಳಗಾಯಿತು. ಹೆಚ್ಚಿಗೆ ಕೊಟ್ಟದ್ದೂ ಮೊದಲೇ ಇದ್ದದ್ದೂ ಎರಡೂ ಬಾಯಿ ಮುಚ್ಚಿಕೊಂಡಿದ್ದವು. ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಕೋಶ ಅದನ್ನು ಕತ್ತರಿಸಿ, ಆ ತುಣುಕುಗಳನ್ನು ಗುರುತಾಗಿ ಹಿಡಿದು, ಅದೇ ಬರಹವಿರುವ ದೂತಗಳನ್ನು ಹುಡುಕಿ ನಾಶಮಾಡುತ್ತದೆ ಎಂಬುದನ್ನು 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಒಂದು ಸಣ್ಣ ಹುಳದಲ್ಲಿ ತೋರಿಸಿದರು. 2006ರಲ್ಲಿ ನೊಬೆಲ್ ಬಂತು. ಇದಕ್ಕೆ ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಎನ್ನುತ್ತಾರೆ. ಕತ್ತರಿಸುವ ಕಿಣ್ವ ಡೈಸರ್, ತುಣುಕನ್ನು ಹಿಡಿದು ಬೇಟೆಗೆ ಹೊರಡುವುದು ಆರ್ಗೊನಾಟ್. ವೈರಸ್‌ಗಳ ವಿರುದ್ಧ ಸಸ್ಯಕ್ಕಿರುವ ದೊಡ್ಡ ರಕ್ಷಣೆ ಇದು.

ಇದೇ ಬಗೆಯ, ಆದರೆ ಜೀವಿಯ ಸ್ವಂತ ಜೀನುಗಳಿಂದ ಹುಟ್ಟುವ ಸಣ್ಣ ತುಣುಕುಗಳಿಗೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರು. 1993ರಲ್ಲಿ ವಿಕ್ಟರ್ ಆ್ಯಂಬ್ರೋಸ್ ಮೊದಲನೆಯದನ್ನು ಕಂಡಾಗ ಅದು ಆ ಹುಳದ ಒಂದು ವಿಲಕ್ಷಣ ಎಂದು ಎಲ್ಲರೂ ಬದಿಗಿಟ್ಟಿದ್ದರು. ಅವರಿಗೂ ಗ್ಯಾರಿ ರವ್‌ಕುನ್ ಅವರಿಗೂ ನೊಬೆಲ್ ಬಂದದ್ದು 2024ರಲ್ಲಿ. ಸಸ್ಯಗಳಲ್ಲಿ ಇವು ಸುಮಾರು 21 ಅಕ್ಷರದವು. ಭತ್ತದಲ್ಲಿ ಮೈಕ್ರೋ ಆರ್‌ಎನ್‌ಎ 156 ಎಂಬುದು ಎಸ್‌ಪಿಎಲ್14 ಎಂಬ ಜೀನಿನ ದೂತವನ್ನು ತಡೆದು ಗಿಡದ ತೆಂಡೆಗಳ ಲೆಕ್ಕ ಇಡುತ್ತದೆ. ಆ ದೂತದಲ್ಲಿ ಮೈಕ್ರೋ ಆರ್‌ಎನ್‌ಎ ಕೂರುವ ಜಾಗದ ಒಂದು ಅಕ್ಷರ ಬದಲಾದ ಭತ್ತವನ್ನು ಚೀನಾದ ತಂಡವೊಂದು 2010ರಲ್ಲಿ ವಿವರಿಸಿತು. ಹಿಡಿತ ತಪ್ಪಿದ್ದರಿಂದ ತೆನೆ ಬಿಡದ ಪೊಳ್ಳು ತೆಂಡೆಗಳು ಕಡಿಮೆಯಾದವು, ಕಾಂಡ ದಪ್ಪವಾಯಿತು, ತೆನೆಯಲ್ಲಿ ಕಾಳು ಹೆಚ್ಚಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಪಿ. ವಿ. ಶಿವಪ್ರಸಾದ್ ಅವರ ತಂಡ ಭತ್ತದ ಇಂಥ ಸಣ್ಣ ಆರ್‌ಎನ್‌ಎಗಳನ್ನೇ ಅಭ್ಯಾಸ ಮಾಡುತ್ತಿದೆ.

ಪ್ರೋಟೀನಿನ ಒಕ್ಕಣೆಯಿಲ್ಲದ ಉದ್ದನೆಯ ಆರ್‌ಎನ್‌ಎಗಳೂ ಇವೆ. ಚೀನಾದ ಹುಬೇ ಪ್ರಾಂತದಲ್ಲಿ 1973ರಲ್ಲಿ ವಿಚಿತ್ರ ಭತ್ತವೊಂದು ಸಿಕ್ಕಿತ್ತು. ಹಗಲು ಉದ್ದವಿದ್ದಾಗ ಅದರ ಪರಾಗ ಸತ್ತುಹೋಗುತ್ತದೆ, ಹಗಲು ಗಿಡ್ಡವಾದಾಗ ಎಲ್ಲ ಭತ್ತದಂತೆ ಕಾಳು ಕಟ್ಟುತ್ತದೆ. ಹೈಬ್ರಿಡ್ ಬೀಜ ತಯಾರಿಸುವವರಿಗೆ ಇದೊಂದು ವರ. ಕಾರಣ 1,236 ಅಕ್ಷರಗಳ ಒಂದು ಆರ್‌ಎನ್‌ಎಯಲ್ಲಿ ಆದ ಒಂದಕ್ಷರದ ವ್ಯತ್ಯಾಸ ಎಂದು 2012ರಲ್ಲಿ ಒಂದು ತಂಡ ಹೇಳಿತು. ಅದೇ ಜಾಗದಿಂದ ಹುಟ್ಟುವ 21 ಅಕ್ಷರದ ಸಣ್ಣ ತುಣುಕೇ ಕಾರಣ ಎಂದು ಅದೇ ವರ್ಷ ಇನ್ನೊಂದು ತಂಡ ವಾದಿಸಿತು. ಯಾರದು ಸರಿಯಾದರೂ ಅಲ್ಲಿ ಪ್ರೋಟೀನಿನ ಪಾತ್ರವಿಲ್ಲ.

ರೈಬೋಸೋಮಿನ ಆರ್‌ಎನ್‌ಎಯನ್ನು ತಿದ್ದಿ ಹದಗೊಳಿಸುವ ಆರ್‌ಎನ್‌ಎ, ಹೊಸ ಪ್ರೋಟೀನನ್ನು ಕೋಶದ ಹೊರದಾರಿಗೆ ಹತ್ತಿಸುವ ಆರ್‌ಎನ್‌ಎ, ವರ್ಣತಂತುವಿನ ತುದಿ ಸವೆಯದಂತೆ ಕಾಯುವ ಟೆಲೊಮರೇಸಿನ ಆರ್‌ಎನ್‌ಎ ಹೀಗೆ ಪಟ್ಟಿ ಬೆಳೆಯುತ್ತದೆ.

ಕಿಣ್ವವೆಂದರೆ ಪ್ರೋಟೀನೇ ಎಂಬ ನಂಬಿಕೆ ಮುರಿದದ್ದು 1982ರಲ್ಲಿ. ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯ ಆರ್‌ಎನ್‌ಎ ಯಾರ ಸಹಾಯವೂ ಇಲ್ಲದೆ ತನ್ನ ಇಂಟ್ರಾನನ್ನು ತಾನೇ ಕಿತ್ತೆಸೆಯುವುದನ್ನು ಥಾಮಸ್ ಚೆಕ್ ಕಂಡರು. ಮರುವರ್ಷ ಸಿಡ್ನಿ ಆಲ್ಟ್‌ಮನ್ ಇನ್ನೊಂದು ಉದಾಹರಣೆ ಕೊಟ್ಟರು. 1989ರ ನೊಬೆಲ್ ಇಬ್ಬರದು. ಬರಹವನ್ನೂ ಹೊರಬಲ್ಲ, ಕೆಲಸವನ್ನೂ ಮಾಡಬಲ್ಲ ಅಣುವಿದ್ದರೆ ಜೀವದ ಆರಂಭದಲ್ಲಿ ಡಿಎನ್‌ಎ, ಪ್ರೋಟೀನುಗಳಿಗೆ ಮೊದಲೇ ಅದು ಇದ್ದಿರಬಹುದು ಎಂಬ ವಾದಕ್ಕೆ ಇದರಿಂದ ಬಲ ಬಂತು. ಇದನ್ನು ಸಿದ್ಧವಾದ ಸಂಗತಿ ಎನ್ನಲಾಗದು. ಆದರೆ ರೈಬೋಸೋಮಿನ ಒಡಲಲ್ಲಿ ಇವತ್ತಿಗೂ ಕೂತಿರುವ ಆರ್‌ಎನ್‌ಎಗಿಂತ ಒಳ್ಳೆಯ ಸಾಕ್ಷಿಯನ್ನು ಬೇರೆ ವಾದಗಳು ಈವರೆಗೆ ತಂದಿಲ್ಲ.

ವೈರಸ್‌ಗಳ ಆರ್‌ಎನ್‌ಎ

ನಮಗೆ ಹತ್ತಿರದ ಆರ್‌ಎನ್‌ಎ ವೈರಸ್ ಎಂದರೆ ಮಂಗನ ಕಾಯಿಲೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಇದು ಆ ಕಾಡಿನ ಹೆಸರನ್ನೇ ಹೊತ್ತಿದೆ. ಉಣುಗು ಕಚ್ಚಿದಾಗ ಮೈ ಸೇರುವ ಈ ವೈರಸ್ಸಿನೊಳಗೆ ಸುಮಾರು 11 ಸಾವಿರ ಅಕ್ಷರಗಳ ಒಂಟಿ ಎಳೆಯಿದೆ. ಅದು ಕೋಶದೊಳಗೆ ಬಂದಾಗ ನಮ್ಮ ರೈಬೋಸೋಮ್ ತನ್ನ ಮನೆಯ ದೂತವೆಂದೇ ಬಗೆದು ಓದಿಬಿಡುತ್ತದೆ. ಒಂದೇ ಉದ್ದನೆಯ ಪ್ರೋಟೀನ್ ಬರುತ್ತದೆ, ಅದನ್ನು ತುಂಡರಿಸಿ ವೈರಸ್ಸಿಗೆ ಬೇಕಾದ ಹತ್ತು ಪ್ರೋಟೀನ್‌ಗಳಾಗುತ್ತವೆ.

ಭತ್ತದ ಟುಂಗ್ರೊ ರೋಗದಲ್ಲಿ ಎರಡು ವೈರಸ್‌ಗಳ ಪಾಲುದಾರಿಕೆ: ಒಂದರದು ಆರ್‌ಎನ್‌ಎ, ಇನ್ನೊಂದರದು ಡಿಎನ್‌ಎ. ಎರಡನ್ನೂ ಹೊರುವುದು ಹಸಿರು ಜಿಗಿಹುಳ. ವಿಚಿತ್ರವೆಂದರೆ ಆ ಡಿಎನ್‌ಎ ವೈರಸ್ಸೂ ತನ್ನನ್ನು ನಕಲಿಸಿಕೊಳ್ಳುವಾಗ ಮೊದಲು ಆರ್‌ಎನ್‌ಎಯಾಗಿ, ಅಲ್ಲಿಂದ ಮತ್ತೆ ಡಿಎನ್‌ಎಯಾಗುತ್ತದೆ. ಆರ್‌ಎನ್‌ಎಯಿಂದ ಡಿಎನ್‌ಎಗೆ ಹಿಮ್ಮುಖವಾಗಿ ಬರೆಯುವ ಕಿಣ್ವವನ್ನು ಟೆಮಿನ್ ಮತ್ತು ಬಾಲ್ಟಿಮೋರ್ 1970ರಲ್ಲಿ ಕಂಡಿದ್ದರು. ವೈರಸ್‌ಗಳಿಗಿಂತಲೂ ಚಿಕ್ಕವು ವೈರಾಯ್ಡ್‌ಗಳು. ಫಿಲಿಪ್ಪೀನ್ಸಿನ ತೆಂಗಿನ ತೋಟಗಳನ್ನು ಬಲಿ ತೆಗೆದುಕೊಂಡ ಕದಂಗ್-ಕದಂಗ್ ರೋಗಕ್ಕೆ ಕಾರಣ 246 ಅಕ್ಷರಗಳ ಒಂದು ಬರಿಯ ಆರ್‌ಎನ್‌ಎ ಉಂಗುರ. ಅದರಲ್ಲಿ ಒಂದು ಪ್ರೋಟೀನಿಗೂ ಒಕ್ಕಣೆಯಿಲ್ಲ.

ಕೋವಿಡ್ ವೈರಸ್ಸಿನ ಆರ್‌ಎನ್‌ಎ ಸುಮಾರು 30 ಸಾವಿರ ಅಕ್ಷರದ್ದು. 2020ರಲ್ಲಿ ಮೂಗಿನಿಂದ ತೆಗೆದ ಕಡ್ಡಿಯನ್ನು ಐಸ್ ಡಬ್ಬಿಯಲ್ಲಿಟ್ಟು ಓಡಿಸುತ್ತಿದ್ದರಲ್ಲ, ಆ ಆತುರದ ಕಾರಣ ಈ ಲೇಖನದ ಆರಂಭದಲ್ಲೇ ಇದೆ. ಪ್ರಯೋಗಾಲಯದಲ್ಲಿ ಅದನ್ನು ಮೊದಲು ಹಿಮ್ಮುಖ ಕಿಣ್ವದಿಂದ ಡಿಎನ್‌ಎ ಮಾಡಿಕೊಂಡೇ ಮುಂದಿನ ಪರೀಕ್ಷೆ. ದೂತವನ್ನೇ ಲಸಿಕೆ ಮಾಡುವ ಕನಸಿಗೆ ಅಡ್ಡಿಯಾಗಿದ್ದದ್ದು ಹೊರಗಿನ ಆರ್‌ಎನ್‌ಎ ಕಂಡರೆ ದೇಹ ಕೆರಳುವುದು. ಯುರಾಸಿಲ್ ಹೊತ್ತ ಯುರಿಡಿನ್ ಬದಲು ಅದರ ತಿದ್ದಿದ ರೂಪವಾದ ಸ್ಯೂಡೊಯುರಿಡಿನ್ ಹಾಕಿದರೆ ದೇಹ ಶಾಂತವಾಗುತ್ತದೆಂದು ಕಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು; 2023ರಲ್ಲಿ ನೊಬೆಲ್. ನಮ್ಮಲ್ಲಿ ಬಹುತೇಕರು ಹಾಕಿಸಿಕೊಂಡ ಕೋವಿಶೀಲ್ಡ್ ಈ ಜಾತಿಯದಲ್ಲ. ಅದರಲ್ಲಿದ್ದದ್ದು ಡಿಎನ್‌ಎ. ಆದರೂ ತೋಳಿನ ಕೋಶಗಳು ಅದರಿಂದ ದೂತವನ್ನು ನಕಲು ಮಾಡಿಕೊಂಡ ಮೇಲೆಯೇ ಲಸಿಕೆ ಫಲಿಸಿದ್ದು.

ಗದ್ದೆಗೆ ಬಂದ ಆರ್‌ಎನ್‌ಎ

ಬ್ಯಾಕ್ಟೀರಿಯಾಗಳು ವೈರಸ್ ಡಿಎನ್‌ಎಯನ್ನು ಕತ್ತರಿಸಲು ಬಳಸುವ ಕ್ರಿಸ್ಪರ್ ವ್ಯವಸ್ಥೆಯಲ್ಲಿ ಎಲ್ಲಿ ಕತ್ತರಿಸಬೇಕೆಂದು ತೋರಿಸುವುದು ಒಂದು ಸಣ್ಣ ಆರ್‌ಎನ್‌ಎ. ಆ ಆರ್‌ಎನ್‌ಎಯ ಬರಹ ಬದಲಿಸಿದರೆ ಬೇಕಾದ ಜೀನಿಗೆ ಕತ್ತರಿ ಹಾಕಬಹುದೆಂದು ಎಮ್ಯಾನುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನ 2012ರಲ್ಲಿ ತೋರಿಸಿದರು. 2020ರ ರಸಾಯನಶಾಸ್ತ್ರದ ನೊಬೆಲ್ ಅವರದು. 2025ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವರು ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಒಂದು ಪೂಸಾ ಡಿಎಸ್‌ಟಿ ರೈಸ್ 1. ಇನ್ನೊಂದು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100. ಇಟ್ಟ ಹೆಸರು ಕಮಲಾ. ಇದರ ತಾಯಿತಳಿ ನಮ್ಮ ರೈತರಿಗೂ ಪರಿಚಿತವಾದ ಸಾಂಬಾ ಮಸೂರಿ, ಅಂದರೆ ಬಿಪಿಟಿ 5204. ತೆನೆಯಲ್ಲಿ ಕಾಳು ಕಟ್ಟುವುದನ್ನು ಪ್ರೋತ್ಸಾಹಿಸುವ ಸೈಟೊಕೈನಿನ್ ಹಾರ್ಮೋನನ್ನು ಒಡೆದುಹಾಕುವ ಕಿಣ್ವದ ಜೀನನ್ನು ಇದರಲ್ಲಿ ಕತ್ತರಿಸಿ ಕುಂದಿಸಿದ್ದಾರೆ. ಇಳುವರಿ ಹೆಚ್ಚು, ಕಟಾವು ಬೇಗ ಎಂಬುದು ಸಂಸ್ಥೆಯ ಹೇಳಿಕೆ. ಹೊರಗಿನ ಜೀನು ಅದರಲ್ಲಿ ಉಳಿದಿಲ್ಲ. ಎಲ್ಲಿ ಕತ್ತರಿಸಬೇಕೆಂದು ತೋರಿಸಿದ ಆರ್‌ಎನ್‌ಎಯೂ ಆ ಕಾಳಿನಲ್ಲಿ ಈಗ ಇಲ್ಲ.